ಬಾಡಿಗೆ ಮನೆ ಬಿಟ್ಟು ವರ್ಷವಿಡೀ ಮೋಟರ್‌ಹೋಮ್‌ನಲ್ಲಿ ವಾಸ: ಮೊದಲು ಯಾವುದನ್ನು ಗಟ್ಟಿ ಮಾಡಿಕೊಳ್ಳಬೇಕು?

ನಿಧಾನಯಾನಿ (ಪ್ರಶ್ನೆ)

ಬಾಡಿಗೆ ಮನೆಯ ಕರಾರು ಮುಗಿದ ಮೇಲೆ ಅದನ್ನು ಮುಂದುವರಿಸದೆ, ನಾನೂ ನನ್ನ ಪತ್ನಿಯೂ ಒಂದು ಮೋಟರ್‌ಹೋಮ್ ಕೊಂಡು ಹನ್ನೆರಡು ತಿಂಗಳೂ ಅದರಲ್ಲೇ ಇರುವುದೆಂದು ನಿಶ್ಚಯಿಸಿದ್ದೇವೆ. ರಜೆಯಲ್ಲಿ ಬಾಡಿಗೆ ಗಾಡಿ ತೆಗೆದುಕೊಂಡು ಸುತ್ತಾಡಿದ ಅನುಭವ ನಮಗಿದೆ. ಆದರೆ ಹಿಂತಿರುಗಲು ಮನೆಯೊಂದಿರುವಾಗ ಸುತ್ತಾಡುವುದಕ್ಕೂ, ಗಾಡಿಯೇ ಮನೆಯಾಗುವುದಕ್ಕೂ ಬಹಳ ಅಂತರವಿದೆ ಎಂಬುದು ಲೆಕ್ಕ ಹಾಕಲು ಕುಳಿತಾಗಲೇ ಅರಿವಾಗುತ್ತಿದೆ.

ನಾವು ನೋಡಿಟ್ಟಿರುವುದು ಏಳು ಮೀಟರ್ ಉದ್ದದ, ಈಗಾಗಲೇ ಒಬ್ಬರು ಬಳಸಿದ ವಾಹನ. ಅದರ ಗರಿಷ್ಠ ಅನುಮತಿತ ತೂಕ 3,500 ಕಿಲೋ. ಸಂಚಾರಕ್ಕೆ ಸಿದ್ಧವಿರುವಾಗಿನ ತೂಕ 3,020 ಕಿಲೋ ಎಂದು ಕಾಗದಪತ್ರದಲ್ಲಿ ನಮೂದಾಗಿದೆ. ಶುದ್ಧ ನೀರಿನ ಟ್ಯಾಂಕ್ 110 ಲೀಟರ್, ಬಳಸಿದ ನೀರಿನದು 90 ಲೀಟರ್, ಶೌಚದ ಕ್ಯಾಸೆಟ್ (ಮಲಮೂತ್ರ ಸೇರುವ, ಹೊರಗೆಳೆದು ಸುರಿಯುವ ಡಬ್ಬಿ) 18 ಲೀಟರ್. 90 ಆಂಪಿಯರ್-ಅವರ್‌ನ ಎರಡು ಸೀಸ-ಆಮ್ಲ ಬ್ಯಾಟರಿಗಳೂ ಚಾವಣಿಯ ಮೇಲೆ ಒಟ್ಟು 200 ವ್ಯಾಟ್‌ನ ಸೌರಫಲಕಗಳೂ ಇವೆ. ಫ್ರಿಜ್, ಒಲೆ, ಹೀಟರ್ ಮೂರೂ ಗ್ಯಾಸ್‌ನಿಂದ ನಡೆಯುತ್ತವೆ.

ಪತ್ನಿ ವಾರದಲ್ಲಿ ಐದು ದಿನ ಲ್ಯಾಪ್‌ಟಾಪ್‌ನಲ್ಲೇ ಉದ್ಯೋಗ ಮಾಡುವವರು. ಆದ್ದರಿಂದ ಕೈಯಲ್ಲಿರುವ ಹಣದ ಬಹುಪಾಲನ್ನು ಬ್ಯಾಟರಿ ಮತ್ತು ಸೌರಫಲಕಗಳಿಗೇ ಹಾಕಿ, ವಾರಗಟ್ಟಲೆ ಯಾವ ಹಂಗೂ ಇಲ್ಲದೆ ಒಂದೆಡೆ ನಿಲ್ಲುವಂತೆ ಮಾಡಿಕೊಳ್ಳಬೇಕೆಂಬುದು ನಮ್ಮ ಯೋಚನೆ. ಇದು ಸರಿಯಾದ ದಾರಿಯೇ, ಅಥವಾ ಅದಕ್ಕಿಂತ ಮೊದಲು ನೋಡಬೇಕಾದ ಸಂಗತಿಗಳು ಬೇರೆ ಇವೆಯೇ? ಪೂರ್ಣಾವಧಿ ವಾಸ ಮಾಡುತ್ತಿರುವವರು ತಿಳಿಸಿದರೆ ಉಪಕಾರವಾಗುತ್ತದೆ.

ಅಲೆಮನೆ

ವಾರಗಟ್ಟಲೆ ಒಂದೆಡೆ ನಿಲ್ಲುವ ಆಸೆಗೆ ಅಡ್ಡಬರುವುದು ವಿದ್ಯುತ್ತಲ್ಲ, ನೀವು ಪ್ರಶ್ನೆಯಲ್ಲಿ ಹಾಗೇ ದಾಟಿಹೋಗಿರುವ ಆ 18 ಲೀಟರ್‌ನ ಕ್ಯಾಸೆಟ್. ಇಬ್ಬರು ವಯಸ್ಕರು ಹಗಲಿರುಳೂ ಗಾಡಿಯಲ್ಲೇ ಇದ್ದರೆ ಅದು ಎರಡು ದಿನಕ್ಕೆ, ಹೆಚ್ಚೆಂದರೆ ಮೂರು ದಿನಕ್ಕೆ ತುಂಬುತ್ತದೆ. ನೀರನ್ನು ಬಿಗಿಯಾಗಿ ಬಳಸಿ, ಸ್ನಾನದಲ್ಲಿ ಸೋಪು ಹಚ್ಚುವಾಗ ನಲ್ಲಿ ನಿಲ್ಲಿಸುವ ಅಭ್ಯಾಸ ಮಾಡಿಕೊಂಡರೆ, ಇಬ್ಬರಿಗೆ ದಿನಕ್ಕೆ 25ರಿಂದ 30 ಲೀಟರ್ ಸಾಕಾಗುತ್ತದೆ. ಅಂದರೆ 110 ಲೀಟರ್ ಸುಮಾರು ನಾಲ್ಕು ದಿನ ಬರುತ್ತದೆ. ಹೀಗಿರುವಾಗ ಹತ್ತು ದಿನ ಬಾಳುವ ಬ್ಯಾಟರಿ ಹಾಕಿಸಿದರೂ ಮೂರನೆಯ ದಿನ ಗಾಡಿ ಕದಲಿಸಲೇಬೇಕು. ಹಾಗೆ ಕದಲಿಸಿದಾಗ ಎಂಜಿನ್‌ನ ಆಲ್ಟರ್ನೇಟರ್ ಬ್ಯಾಟರಿಗೆ ಹೇಗೂ ಒಂದಿಷ್ಟು ಚಾರ್ಜ್ ತುಂಬುತ್ತದೆ. ಯಾವ ಸಂಗ್ರಹ ಎಲ್ಲಕ್ಕಿಂತ ಮೊದಲು ತೀರುತ್ತದೆಯೋ ಅಥವಾ ತುಂಬುತ್ತದೆಯೋ, ಅದನ್ನೇ ಮೊದಲು ಹಿಗ್ಗಿಸಬೇಕು.

ಇದಕ್ಕೆ ಎರಡು ಉಪಾಯಗಳಿವೆ. ಒಂದು, ಅದೇ ಮಾದರಿಯ ಇನ್ನೊಂದು ಕ್ಯಾಸೆಟ್ ಕೊಂಡಿಟ್ಟುಕೊಳ್ಳುವುದು. ಅಗ್ಗದ ದಾರಿಯಾದರೂ ತುಂಬಿದ ಕ್ಯಾಸೆಟ್ ಸುಮಾರು 20 ಕಿಲೋ ತೂಗುತ್ತದೆ, ಅದನ್ನು ಇಡಲು ಹೊರಗಿನಿಂದ ಬಾಗಿಲಿರುವ ಜಾಗವೂ ಬೇಕು. ಇನ್ನೊಂದು, ಮೂತ್ರವನ್ನು ಬೇರ್ಪಡಿಸುವ ಒಣ ಶೌಚಾಲಯ. ಇದರಲ್ಲಿ ಘನ ಭಾಗ ವಾರದವರೆಗೂ ದುರ್ವಾಸನೆಯಿಲ್ಲದೆ ಉಳಿಯುತ್ತದೆ, ರಾಸಾಯನಿಕವೂ ಬೇಡ. ಮೂತ್ರದ ಡಬ್ಬಿಯನ್ನು ಮಾತ್ರ ಎರಡು-ಮೂರು ದಿನಕ್ಕೊಮ್ಮೆ ಯಾವುದಾದರೂ ಸಾಮಾನ್ಯ ಶೌಚಾಲಯದಲ್ಲಿ ಸುರಿಯಬೇಕಾಗುತ್ತದೆ. ಅದನ್ನು ಚರಂಡಿಗೋ ಹೊಳೆಗೋ ಚೆಲ್ಲುವವರಿಂದಲೇ ನಾವೆಲ್ಲ ಬೇಡವಾದವರಾಗುತ್ತಿದ್ದೇವೆ ಎಂಬುದನ್ನು ಇಲ್ಲಿ ಹೇಳದಿರಲಾರೆ. ಕ್ಯಾಸೆಟ್ಟನ್ನೇ ಉಳಿಸಿಕೊಳ್ಳುವುದಾದರೆ ಫಾರ್ಮಾಲ್ಡಿಹೈಡ್ ಇಲ್ಲದ ದ್ರಾವಣವನ್ನೇ ಬಳಸಿ. ಸೆಪ್ಟಿಕ್ ಟ್ಯಾಂಕ್‌ನಲ್ಲಿ ಮಲವನ್ನು ಕೊಳೆಸುವ ಬ್ಯಾಕ್ಟೀರಿಯಾಗಳನ್ನು ಆ ರಾಸಾಯನಿಕ ಕೊಲ್ಲುವುದರಿಂದ, ಅನೇಕ ತಂಗುದಾಣಗಳಲ್ಲಿ ಅದಕ್ಕೆ ಅವಕಾಶವಿಲ್ಲ.

ವಿದ್ಯುತ್ತಿನ ವಿಷಯಕ್ಕೆ ಬಂದರೆ, ಖರೀದಿಗೆ ಮೊದಲು ನಿಮ್ಮ ನಿತ್ಯದ ಬಳಕೆಯನ್ನು ಬರೆದು ನೋಡಿ. 60 ವ್ಯಾಟ್‌ನ ಲ್ಯಾಪ್‌ಟಾಪ್ ಎಂಟು ಗಂಟೆ ನಡೆದರೆ 480 ವ್ಯಾಟ್-ಅವರ್, 10 ವ್ಯಾಟ್‌ನ ರೂಟರ್ ದಿನವಿಡೀ ಉರಿದರೆ 240; ದೀಪ, ನೀರಿನ ಪಂಪ್, ಫೋನ್, ಹೀಟರ್‌ನ ಫ್ಯಾನ್ ಸೇರಿಸಿದರೆ ಒಟ್ಟು ಸುಮಾರು ಒಂದು ಯೂನಿಟ್, ಅಂದರೆ 1,000 ವ್ಯಾಟ್-ಅವರ್. ಸೀಸ-ಆಮ್ಲ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಿದಷ್ಟೂ ಅದರ ಆಯುಸ್ಸು ಕುಗ್ಗುತ್ತದೆ. ಹಾಗಾಗಿ ನಿಮ್ಮ 180 ಆಂಪಿಯರ್-ಅವರ್‌ನಲ್ಲಿ ನಿಜವಾಗಿ ಬಳಕೆಗೆ ಸಿಗುವುದು 90, ಅಂದರೆ 12 ವೋಲ್ಟ್‌ನಲ್ಲಿ ಸುಮಾರು 1,080 ವ್ಯಾಟ್-ಅವರ್, ಒಂದು ದಿನದ ಅಗತ್ಯದಷ್ಟು. ಒಳ್ಳೆಯ ಬಿಸಿಲಿನ ದಿನ 200 ವ್ಯಾಟ್‌ನ ಫಲಕ 600ರಿಂದ 800 ವ್ಯಾಟ್-ಅವರ್ ಕೊಡಬಹುದು. ಮೋಡ ಕವಿದ ಚಳಿಗಾಲದಲ್ಲಿ ಅದರ ಕಾಲುಭಾಗವೂ ಬಾರದಿರಬಹುದು. ಆದ್ದರಿಂದ ವಿಸ್ತರಣೆ ಬೇಕು, ನಿಜ. ಆದರೆ ಹಣದ ಬಹುಪಾಲು ಅಲ್ಲಿಗೇ ಹೋಗಬೇಕಾಗಿಲ್ಲ.

ಪತ್ನಿಯ ಉದ್ಯೋಗ ಇಂಟರ್ನೆಟ್ಟಿನ ಮೇಲೆ ನಿಂತಿರುವುದರಿಂದ ಎರಡು ಬೇರೆ ಬೇರೆ ಜಾಲಗಳ ಸಿಮ್ ಮತ್ತು ಚಾವಣಿಯ ಮೇಲೊಂದು ಆಂಟೆನಾ ಇಟ್ಟುಕೊಳ್ಳಿ. ಗಾಡಿಯ ಒಳಗಿಟ್ಟ ರೂಟರ್‌ಗೆ ಅಲ್ಯೂಮಿನಿಯಂ ಹೊದಿಕೆ ಸಿಗ್ನಲ್ಲನ್ನು ಸರಿಯಾಗಿ ಬಿಡುವುದಿಲ್ಲ.

ತೂಕಗಾರ

ಮೇಲಿನವರ ಮಾತಿಗೆ ನನ್ನ ಸಹಮತವಿದೆ. ಆದರೆ ಕ್ಯಾಸೆಟ್, ಬ್ಯಾಟರಿ, ಫಲಕ ಯಾವುದನ್ನೇ ಸೇರಿಸಿದರೂ ಅದು ತೂಗುತ್ತದೆ, ನಿಮ್ಮ ಗಾಡಿಗೆ ಅದನ್ನು ಹೊರುವ ಅವಕಾಶ ಎಷ್ಟಿದೆ ಎಂಬುದನ್ನು ಯಾರೂ ಕೇಳಲಿಲ್ಲ.

3,500ರಲ್ಲಿ 3,020 ಕಳೆದರೆ ಉಳಿಯುವುದು 480 ಕಿಲೋ. ಇದು ದೊಡ್ಡ ಸಂಖ್ಯೆಯಂತೆ ಕಂಡರೂ, ಆ 3,020ರಲ್ಲಿ ಏನೇನು ಸೇರಿದೆ ಎಂಬುದನ್ನು ಮೊದಲು ವಿಚಾರಿಸಬೇಕು. ಸಾಮಾನ್ಯವಾಗಿ 75 ಕಿಲೋ ತೂಕದ ಒಬ್ಬ ಚಾಲಕ ಮತ್ತು ಇಂಧನ ಅದರಲ್ಲಿ ಸೇರಿರುತ್ತವೆ. ಆದರೆ ಕೆಲವು ತಯಾರಕರು ನೀರಿನ ಟ್ಯಾಂಕ್‌ನಲ್ಲಿ ಕೇವಲ 20 ಲೀಟರ್ ಇದೆಯೆಂದು ಹಿಡಿದು ಈ ಲೆಕ್ಕ ಬರೆಯುತ್ತಾರೆ. ನಿಮ್ಮದೂ ಹಾಗಿದ್ದರೆ ಟ್ಯಾಂಕ್ ತುಂಬಿದಾಗ 90 ಕಿಲೋ ಹೋಯಿತು. ಪತ್ನಿಯ ತೂಕ, ಹಿಂದಿನ ಮಾಲೀಕರು ಹಾಕಿಸಿರಬಹುದಾದ, ಹೊರಗೆ ಬಿಚ್ಚುವ ಬಟ್ಟೆಯ ಚಾವಣಿಯ ಚೌಕಟ್ಟು, ಒಯ್ಯುವುದಾದರೆ ಎರಡು ಸೈಕಲ್ ಮತ್ತು ಅವುಗಳ ಸ್ಟ್ಯಾಂಡ್ ಸೇರಿದರೆ ಇನ್ನೊಂದು 160 ಕಿಲೋ. ಉಳಿದ 230 ಕಿಲೋದೊಳಗೆ ನಿಮ್ಮ ಇಡೀ ಸಂಸಾರ ಹಿಡಿಸಬೇಕು. ರಜೆಗೆ ಹೋಗುವವರು ಒಂದು ಋತುವಿನ ಬಟ್ಟೆ ಒಯ್ಯುತ್ತಾರೆ, ಪೂರ್ಣಾವಧಿಯವರು ಎಲ್ಲ ಋತುಗಳದ್ದನ್ನೂ ಒಯ್ಯುತ್ತಾರೆ. ಪಾತ್ರೆ, ದಿನಸಿ, ಉಪಕರಣ, ಔಷಧ, ಕಡತಗಳು, ಬಿಡಿ ಗ್ಯಾಸ್ ಸಿಲಿಂಡರ್ ಎಲ್ಲವೂ ಜೊತೆಗೇ ಬರುತ್ತವೆ.

ಒಟ್ಟು ತೂಕ ಮಿತಿಯೊಳಗಿದ್ದರೂ ಹಿಂದಿನ ಆಕ್ಸಲ್‌ನ ಮಿತಿ ಮೀರಿರಬಹುದು. ಇದನ್ನು ಬಹಳ ಜನ ಗಮನಿಸುವುದಿಲ್ಲ. ಹಿಂದಿನ ಚಕ್ರಗಳಿಂದಾಚೆಗೆ ಚಾಚಿಕೊಂಡಿರುವ ಭಾಗದಲ್ಲಿ ಇಟ್ಟ ಭಾರ ಸನ್ನೆಗೋಲಿನಂತೆ ಕೆಲಸ ಮಾಡುತ್ತದೆ. ಎರಡು ಆಕ್ಸಲ್‌ಗಳ ನಡುವಿನ ದೂರ 4 ಮೀಟರ್ ಇದ್ದು, ಹಿಂದಿನ ಆಕ್ಸಲ್‌ನಿಂದ 2 ಮೀಟರ್ ಆಚೆಗೆ 60 ಕಿಲೋದ ಸೈಕಲ್ ಸ್ಟ್ಯಾಂಡ್ ತೂಗುಹಾಕಿದರೆ, ಹಿಂದಿನ ಆಕ್ಸಲ್ ಮೇಲೆ ಬೀಳುವ ಹೆಚ್ಚುವರಿ ಹೊರೆ 60 ಅಲ್ಲ, 90 ಕಿಲೋ. ಮುಂದಿನ ಆಕ್ಸಲ್‌ನಿಂದ 30 ಕಿಲೋ ಎತ್ತಿದಂತಾಗುತ್ತದೆ. ಮುಂದಿನ ಚಕ್ರಗಳಿಂದ ಎಳೆಯುವ ಗಾಡಿಯಾದರೆ ಒದ್ದೆ ಹುಲ್ಲಿನ ಮೇಲೆ ಚಕ್ರ ಜಾರುವುದಕ್ಕೂ ಸ್ಟೀರಿಂಗ್ ಹಗುರವೆನಿಸುವುದಕ್ಕೂ ಇದೇ ಕಾರಣ. ಭಾರದ ವಸ್ತುಗಳನ್ನು ಕೆಳಗೆ, ಎರಡು ಆಕ್ಸಲ್‌ಗಳ ನಡುವೆ ಇಡಿ. ಚಾವಣಿಯ ಕಪಾಟುಗಳಿಗೆ ಬಟ್ಟೆ ಮಾತ್ರ ಸಾಕು.

ತೂಕದ ದೃಷ್ಟಿಯಿಂದ ನೋಡಿದರೆ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯ ಪರವಾಗಿ ನಾನೂ ಒಂದು ಮಾತು ಹೇಳುತ್ತೇನೆ. ನಿಮ್ಮ ಎರಡು ಬ್ಯಾಟರಿಗಳು ಸೇರಿ ಹತ್ತಿರ ಹತ್ತಿರ 50 ಕಿಲೋ ಇರುತ್ತವೆ. ಅವು ಕೊಡುವಷ್ಟೇ ಬಳಕೆಯ ಶಕ್ತಿಯನ್ನು 100 ಆಂಪಿಯರ್-ಅವರ್‌ನ ಒಂದು ಲಿಥಿಯಂ ಬ್ಯಾಟರಿ ಹನ್ನೆರಡು ಕಿಲೋ ಆಸುಪಾಸಿನಲ್ಲಿ ಕೊಡುತ್ತದೆ. ಎರಡು ಹಾಕಿಸಿದರೆ ಶಕ್ತಿ ಇಮ್ಮಡಿಯಾಗಿ, ತೂಕ ಅರ್ಧಕ್ಕಿಳಿಯುತ್ತದೆ. ಆದರೆ ಹಳೆಯದನ್ನು ಬಿಚ್ಚಿ ಹೊಸದನ್ನು ಕೂರಿಸಿದರೆ ಕೆಲಸ ಮುಗಿಯುವುದಿಲ್ಲ. ಆಲ್ಟರ್ನೇಟರ್ ಮತ್ತು ಬ್ಯಾಟರಿಯ ನಡುವೆ ಕರೆಂಟನ್ನು ಮಿತಿಯಲ್ಲಿಡುವ ಡಿಸಿ-ಡಿಸಿ ಚಾರ್ಜರ್ ಇಲ್ಲದಿದ್ದರೆ ಲಿಥಿಯಂ ಎಳೆಯುವ ಕರೆಂಟಿಗೆ ಆಲ್ಟರ್ನೇಟರ್ ಕಾದು ಕೆಡಬಹುದು, ಸೌರ ನಿಯಂತ್ರಕದಲ್ಲೂ ಲಿಥಿಯಂಗೆ ತಕ್ಕ ವ್ಯವಸ್ಥೆ ಇರಬೇಕು. ಇನ್ನೊಂದು, ಶೂನ್ಯ ಡಿಗ್ರಿಗಿಂತ ಕೆಳಗೆ ಅದನ್ನು ಚಾರ್ಜ್ ಮಾಡಬಾರದು. ಆದ್ದರಿಂದ ಬ್ಯಾಟರಿಯ ಜಾಗ ವಾಸದ ಭಾಗದೊಳಗೇ ಇರಲಿ.

ನಿಧಾನಯಾನಿ

ಇಬ್ಬರಿಗೂ ಧನ್ಯವಾದಗಳು. ಶೌಚದ ಲೆಕ್ಕವನ್ನು ನಾವು ಮಾಡಿಯೇ ಇರಲಿಲ್ಲ. ಸೈಕಲ್‌ಗಳನ್ನು ಒಯ್ಯಬೇಕೇ ಎಂಬ ಚರ್ಚೆ ಈಗ ಮನೆಯಲ್ಲಿ ಶುರುವಾಗಿದೆ. ಇನ್ನೊಂದು ಚಿಂತೆಯಿದೆ. ಮನೆ ಖಾಲಿ ಮಾಡಿದ ಮೇಲೆ ನಮ್ಮ ವಿಳಾಸ ಯಾವುದು? ಬ್ಯಾಂಕ್, ತೆರಿಗೆ, ವಿಮೆ ಎಲ್ಲದಕ್ಕೂ ಒಂದು ವಿಳಾಸ ಕೇಳುತ್ತಾರಲ್ಲ, ಅದನ್ನು ಹೇಗೆ ನಿಭಾಯಿಸುತ್ತೀರಿ?

ಕಡತದವರು

ಇದಕ್ಕೆ ಎಲ್ಲ ದೇಶಗಳಿಗೂ ಹೊಂದುವ ಉತ್ತರವಿಲ್ಲ, ಏಕೆಂದರೆ ನಿವಾಸಿ ಯಾರೆಂಬುದನ್ನು ಪ್ರತಿಯೊಂದು ದೇಶವೂ ತನ್ನದೇ ಕಾನೂನಿನಿಂದ ನಿರ್ಣಯಿಸುತ್ತದೆ. ಆದರೂ ಮಾಡಬೇಕಾದ ಕೆಲಸದ ಸ್ವರೂಪ ಎಲ್ಲೆಡೆ ಒಂದೇ. ವಿಳಾಸ ಎಂಬ ಒಂದೇ ಹೆಸರಿನಡಿ ಮೂರು ಬೇರೆ ಬೇರೆ ಅಗತ್ಯಗಳು ಅಡಗಿವೆ ಎಂದು ತಿಳಿದುಕೊಳ್ಳಿ: ಅಂಚೆ ತಲುಪುವ ಜಾಗ, ಕಾನೂನಿನ ದೃಷ್ಟಿಯಲ್ಲಿ ನಿಮ್ಮ ನಿವಾಸ, ಮತ್ತು ವಾಹನ ರಾತ್ರಿ ನಿಲ್ಲುವ ಜಾಗ. ಪತ್ರಗಳನ್ನು ಸ್ವೀಕರಿಸಿ ಸ್ಕ್ಯಾನ್ ಮಾಡಿ ಕಳುಹಿಸುವ ಸೇವೆಗಳು ಮೊದಲನೆಯದನ್ನು ಸಲೀಸಾಗಿ ಪೂರೈಸುತ್ತವೆ. ಆದರೆ ಅಂಥ ವಿಳಾಸವನ್ನು ಬ್ಯಾಂಕುಗಳೂ ಚಾಲನಾ ಪರವಾನಗಿಯ ಕಚೇರಿಗಳೂ ನಿವಾಸವೆಂದು ಒಪ್ಪದಿರುವ ಸಂದರ್ಭಗಳು ಬಹಳ. ಹಾಗಾಗಿ ಹೆಚ್ಚಿನವರು ಹತ್ತಿರದ ಬಂಧುವಿನ ಮನೆಯಲ್ಲಿ, ಅವರ ಒಪ್ಪಿಗೆಯಿಂದ, ಅಧಿಕೃತವಾಗಿ ನೋಂದಾಯಿಸಿಕೊಳ್ಳುತ್ತಾರೆ. ಹೀಗೆ ಮಾಡುವಾಗ ಆ ಬಂಧುವಿನ ತೆರಿಗೆ ಅಥವಾ ಬಾಡಿಗೆ ಕರಾರಿನ ಮೇಲೆ ಏನಾದರೂ ಪರಿಣಾಮವಾಗುತ್ತದೆಯೇ ಎಂಬುದನ್ನು ಮೊದಲೇ ಕೇಳಿ ತಿಳಿಯಬೇಕು. ಹಳೆಯ ಮನೆಯ ವಿಳಾಸ ಕೈಯಲ್ಲಿರುವಾಗಲೇ ಎಲ್ಲ ಕಾರ್ಡುಗಳನ್ನೂ ಪರವಾನಗಿಗಳನ್ನೂ ನವೀಕರಿಸಿಟ್ಟುಕೊಂಡರೆ ಮುಂದಿನ ಓಡಾಟ ಎಷ್ಟೋ ತಪ್ಪುತ್ತದೆ.

ವಿಮೆಯಲ್ಲಿ ಮಾತ್ರ ಏನನ್ನೂ ಮುಚ್ಚಿಡಬೇಡಿ. ಸಾಮಾನ್ಯ ಮೋಟರ್‌ಹೋಮ್ ವಿಮೆಗಳನ್ನು ರಜಾದಿನದ ಬಳಕೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿರುತ್ತಾರೆ. ವಿಮೆದಾರರಿಗೆ ಬೇರೆಡೆ ಶಾಶ್ವತ ಮನೆ ಇರಬೇಕು, ವಿದೇಶದಲ್ಲಿ ವರ್ಷಕ್ಕೆ ಇಂತಿಷ್ಟೇ ದಿನ ಇರಬೇಕು ಎಂಬಂಥ ಷರತ್ತುಗಳು ಸಣ್ಣಕ್ಷರಗಳಲ್ಲಿ ಇರುವುದುಂಟು. ಪೂರ್ಣಾವಧಿ ವಾಸವನ್ನು ತಿಳಿಸದೆ ಪಡೆದ ವಿಮೆ ಕಂತು ಕಟ್ಟುವವರೆಗೆ ಚೆನ್ನಾಗಿಯೇ ಇರುತ್ತದೆ, ಪರಿಹಾರ ಕೇಳಿದ ದಿನ ಇರುವುದಿಲ್ಲ. ಪೂರ್ಣಾವಧಿ ವಾಸಕ್ಕೆಂದೇ ಪ್ರತ್ಯೇಕ ವಿಮೆ ಕೊಡುವವರಿದ್ದಾರೆ. ಅಂಥದ್ದನ್ನು ಹುಡುಕಿ, ಒಪ್ಪಿಗೆಯನ್ನು ಲಿಖಿತವಾಗಿ ಪಡೆಯಿರಿ. ಒಳಗಿನ ಸಾಮಾನಿನ ವಿಮಾಮಿತಿಯನ್ನೂ ನೋಡಿ, ಏಕೆಂದರೆ ನಿಮ್ಮ ಸರ್ವಸ್ವವೂ ಅದೇ ಗಾಡಿಯಲ್ಲಿರುತ್ತದೆ. ದಾರಿಯಲ್ಲಿ ಕೆಟ್ಟಾಗ ನೆರವಾಗುವ ಯೋಜನೆಯಲ್ಲಿ ವಾಹನದ ಉದ್ದ, ಎತ್ತರ, ತೂಕಗಳ ಮಿತಿಯೊಳಗೆ ನಿಮ್ಮದು ಬರುತ್ತದೆಯೇ ಎಂಬುದು ಇನ್ನೊಂದು ಪ್ರಶ್ನೆ.

ಇದಕ್ಕಿಂತಲೂ ಹೆಚ್ಚಾಗಿ ಜನ ಮರೆಯುವುದು ರಿಪೇರಿಯ ದಿನಗಳನ್ನು. ಗಾಡಿ ವರ್ಕ್‌ಶಾಪ್ ಸೇರಿದರೆ ನಿಮ್ಮ ಮನೆಯೇ ವರ್ಕ್‌ಶಾಪ್ ಸೇರಿದಂತೆ. ಬಿಡಿಭಾಗಕ್ಕಾಗಿ ನಾವು ವಾರಗಳ ಕಾಲ ಕಾದದ್ದಿದೆ, ರಾತ್ರಿ ಗಾಡಿಯೊಳಗೆ ಮಲಗಲು ಆ ವರ್ಕ್‌ಶಾಪ್‌ನವರು ಬಿಡಲಿಲ್ಲ. ಆದ್ದರಿಂದ ಬ್ಯಾಟರಿಗೆ ಮೀಸಲಿಟ್ಟ ಹಣದಲ್ಲಿ ಒಂದು ಪಾಲನ್ನು ತೆಗೆದು, ತಿಂಗಳೊಂದರ ಹೊರವಾಸ ಮತ್ತು ಒಂದು ದೊಡ್ಡ ರಿಪೇರಿಗೆ ಸಾಲುವಷ್ಟನ್ನು ಮುಟ್ಟದೆ ಇಡಿ. ಅಂಥ ದಿನ ಬಂದಾಗ ಹೊರಡಲು ದಾಖಲೆ, ಔಷಧ, ಲ್ಯಾಪ್‌ಟಾಪ್, ಎರಡು ಜೊತೆ ಬಟ್ಟೆ ಹಿಡಿಸುವ ಚೀಲವೊಂದು ಸದಾ ಸಿದ್ಧವಿರಲಿ.

ನಿಲ್ಲುವ ಜಾಗದ ಬಗ್ಗೆ ಒಂದೇ ಮಾತು. ವಾಹನ ನಿಲ್ಲಿಸುವುದು ಬೇರೆ, ಬಿಡಾರ ಹೂಡುವುದು ಬೇರೆ ಎಂದು ಅನೇಕ ದೇಶಗಳ ಕಾನೂನು ಭೇದ ಮಾಡುತ್ತದೆ. ಕುರ್ಚಿ ಹೊರಗಿಟ್ಟು ಬಟ್ಟೆಯ ಚಾವಣಿ ಬಿಚ್ಚಿದ ಕ್ಷಣ ನೀವು ಎರಡನೆಯದಕ್ಕೆ ಸೇರುತ್ತೀರಿ.

ಮಂಜುಗಾಜು

ಚಳಿಗಾಲದ ವಿಷಯವನ್ನು ಎಲ್ಲರೂ ಬಿಟ್ಟಿರುವುದರಿಂದ ಬರೆಯುತ್ತಿದ್ದೇನೆ. ನೀವು ಹೋಗುವೆಡೆ ಚಳಿಯೇ ಇಲ್ಲವೆಂದಾದರೆ ಇದನ್ನು ಬಿಡಬಹುದು.

ಕ್ಯಾಸೆಟ್ಟೇ ಮೊದಲು ತುಂಬುತ್ತದೆ ಎಂಬ ಮಾತು ಬೇಸಿಗೆಗೆ ಸರಿ. ಚಳಿಯಲ್ಲಿ ಮೊದಲು ತೀರುವುದು ಕೆಲವೊಮ್ಮೆ ಗ್ಯಾಸ್. ಕಡು ಚಳಿಯಲ್ಲಿ ಹೀಟರ್ ಹಗಲಿರುಳು ನಡೆದರೆ 11 ಕಿಲೋದ ಸಿಲಿಂಡರ್ ಎರಡು-ಮೂರು ದಿನಕ್ಕೇ ಮುಗಿಯಬಹುದು. ಸಿಲಿಂಡರ್‌ನಲ್ಲಿರುವುದು ಬ್ಯೂಟೇನ್ ಆಗಿದ್ದರೆ ಉಷ್ಣಾಂಶ ಶೂನ್ಯದ ಹತ್ತಿರ ಬಂದಾಗ ಅದು ಆವಿಯಾಗುವುದೇ ನಿಂತು, ಸಿಲಿಂಡರ್ ತುಂಬಿದ್ದರೂ ಒಲೆ ಹತ್ತುವುದಿಲ್ಲ. ಪ್ರೊಪೇನ್ ಮೈನಸ್ 42 ಡಿಗ್ರಿಯಲ್ಲೂ ಕುದಿಯುವುದರಿಂದ ಚಳಿಗಾಲಕ್ಕೆ ಅದೇ ಬೇಕು. ಪೂರ್ಣಾವಧಿ ವಾಸಕ್ಕೆ ಡೀಸೆಲ್ ಹೀಟರ್ ಒಳ್ಳೆಯದೆಂದು ನನ್ನ ಅಭಿಪ್ರಾಯ, ಏಕೆಂದರೆ ಡೀಸೆಲ್ ಎಲ್ಲ ಬಂಕ್‌ಗಳಲ್ಲೂ ಸಿಗುತ್ತದೆ, ಗ್ಯಾಸ್ ಸಿಲಿಂಡರ್‌ನ ಜೋಡಣೆ ದೇಶದಿಂದ ದೇಶಕ್ಕೆ ಬದಲಾಗುತ್ತದೆ.

ಇನ್ನು ತೇವ. ಮಲಗಿದ ಇಬ್ಬರ ಉಸಿರು ಮತ್ತು ಮೈಯಿಂದಲೇ ಒಂದು ರಾತ್ರಿಯಲ್ಲಿ ಅರ್ಧ ಲೀಟರ್‌ಗೂ ಹೆಚ್ಚು ನೀರು ಗಾಳಿ ಸೇರುತ್ತದೆ. ಒಲೆಯಲ್ಲಿ ಒಂದು ಕಿಲೋ ಪ್ರೊಪೇನ್ ಉರಿದರೆ ಸುಮಾರು 1.6 ಕಿಲೋ ನೀರಾವಿ ಹುಟ್ಟುತ್ತದೆ, ಅದೂ ಒಳಗೇ ಉಳಿಯುತ್ತದೆ. ಇದೆಲ್ಲ ತಣ್ಣಗಿನ ಗಾಜಿನ ಮೇಲೆ, ಕಪಾಟಿನ ಹಿಂಬದಿಯಲ್ಲಿ, ಹಾಸಿಗೆಯ ಅಡಿಯಲ್ಲಿ ನೀರಾಗಿ ಇಳಿದು ಬೂಷ್ಟು ಹಿಡಿಸುತ್ತದೆ. ಹಾಸಿಗೆಯ ಕೆಳಗೆ ಗಾಳಿಯಾಡುವ ಪಟ್ಟಿಗಳಿರಲಿ. ಮುಂಗಾಜಿಗೆ ಒಳಗಿನ ಪರದೆಗಿಂತ ಹೊರಗಿನಿಂದ ಹೊದಿಸುವ ದಪ್ಪ ಹೊದಿಕೆ ಉತ್ತಮ, ಏಕೆಂದರೆ ಆಗ ಗಾಜೇ ಅಷ್ಟಾಗಿ ತಣ್ಣಗಾಗುವುದಿಲ್ಲ. ಹೀಟರ್ ಉರಿಯುತ್ತಿರುವಾಗಲೂ ಚಾವಣಿಯ ಕಿಂಡಿಯನ್ನು ಒಂದು ಬೆರಳಿನಷ್ಟು ತೆರೆದಿಡಬೇಕೆಂದರೆ ಹೊಸಬರು ನಂಬುವುದಿಲ್ಲ, ಬಿಸಿಗಾಳಿ ಹೋಗುತ್ತದೆಂದು ಮುಚ್ಚುತ್ತಾರೆ. ತೇವದ ಗಾಳಿ ಹೊರಹೋಗದೆ ಒಳಗು ಒಣಗುವುದಿಲ್ಲ.

ತಯಾರಕರೇ ಬಿಟ್ಟಿರುವ ನೆಲದ ಮತ್ತು ಗೋಡೆಯ ಗಾಳಿಕಿಂಡಿಗಳನ್ನು ಎಂಥ ಚಳಿಯಲ್ಲೂ ಮುಚ್ಚಕೂಡದು. ಅಡುಗೆ ಅನಿಲ ಗಾಳಿಗಿಂತ ಭಾರ. ಸೋರಿದರೆ ನೆಲದ ಆ ಕಿಂಡಿಯಿಂದಲೇ ಹೊರಹೋಗಬೇಕು. ಆದ್ದರಿಂದ ಅದರ ಅಲಾರಂ ನೆಲದ ಹತ್ತಿರವೂ, ಕಾರ್ಬನ್ ಮೊನಾಕ್ಸೈಡ್ ಅಲಾರಂ ಮಲಗುವ ಭಾಗದಲ್ಲಿ ಅದರ ಕೈಪಿಡಿ ಹೇಳಿದ ಎತ್ತರದಲ್ಲೂ ಇರಬೇಕು. ರಬ್ಬರ್ ಕೊಳವೆಯ ಮೇಲೆ ಮುದ್ರಿಸಿದ ದಿನಾಂಕವನ್ನೂ ನೋಡಿ.

ಬಾಯ್ಲರ್‌ಗೆ ಹಿಮರಕ್ಷಕ ವಾಲ್ವ್ ಇದ್ದರೆ, ಒಳಗಿನ ಉಷ್ಣಾಂಶ ಸುಮಾರು 3 ಡಿಗ್ರಿಗೆ ಇಳಿದಾಗ ಅದು ತಾನಾಗಿ ತೆರೆದು ನೀರನ್ನೆಲ್ಲ ನೆಲಕ್ಕೆ ಚೆಲ್ಲುತ್ತದೆ. ಗಾಡಿ ಸೋರುತ್ತಿದೆ ಎಂದು ಗಾಬರಿಯಾಗಬೇಡಿ.

ನಿಧಾನಯಾನಿ

ಇಷ್ಟು ವಿವರ ಸಿಗುತ್ತದೆಂದು ಎಣಿಸಿರಲಿಲ್ಲ. ಹಾಗಾದರೆ ಮುಂಗಡ ಕೊಡುವ ಮೊದಲು ಈ ಗಾಡಿಯಲ್ಲೇ ಏನೇನು ಪರೀಕ್ಷಿಸಬೇಕು ಎಂದು ಒಂದು ಕೊನೆಯ ಪ್ರಶ್ನೆ.

ತೂಕಗಾರ

ಮಾರುವವರನ್ನು ಜೊತೆಗೆ ಕರೆದುಕೊಂಡು ಇಡೀ ವಾಹನವನ್ನು ತೂಗುವ ವೇಬ್ರಿಜ್‌ಗೆ ಹೋಗಿ. ನೀರಿನ ಟ್ಯಾಂಕ್‌ಗಳನ್ನು ಖಾಲಿ ಮಾಡಿಸಿ, ಇಂಧನ ಎಷ್ಟಿದೆಯೆಂದು ಬರೆದುಕೊಂಡು, ಮೊದಲು ಮುಂದಿನ ಚಕ್ರಗಳನ್ನಷ್ಟೇ, ಆಮೇಲೆ ಇಡೀ ಗಾಡಿಯನ್ನು, ಕೊನೆಗೆ ಹಿಂದಿನ ಚಕ್ರಗಳನ್ನಷ್ಟೇ ತೂಗಿಸಿ. ಈ ಮೂರು ಚೀಟಿಗಳು ಕಾಗದದ 3,020ಕ್ಕಿಂತ ಹೆಚ್ಚು ನಂಬಿಕೆಗೆ ಅರ್ಹ. ಒಪ್ಪದ ಮಾರಾಟಗಾರರಿಂದ ನಾನಾದರೆ ಕೊಳ್ಳುವುದಿಲ್ಲ. ತೂಕ ಹೆಚ್ಚಿಸಿ ಮರುನೋಂದಣಿ ಮಾಡಿಸುವ ದಾರಿಯಿದೆಯಾದರೂ, ಹಲವು ದೇಶಗಳಲ್ಲಿ ಸಾಮಾನ್ಯ ಕಾರಿನ ಪರವಾನಗಿ 3,500 ಕಿಲೋಗೇ ನಿಲ್ಲುತ್ತದೆ. ನಿಮ್ಮಿಬ್ಬರ ಪರವಾನಗಿಯಲ್ಲಿ ಏನಿದೆಯೆಂದು ನೋಡಿಕೊಳ್ಳಿ.

ಆಮೇಲೆ ತೇವಮಾಪಕ ಹಿಡಿದು ಮೂಲೆಗಳು, ಕಿಟಕಿಯ ಅಂಚುಗಳು, ಚಾವಣಿ ಗೋಡೆಯನ್ನು ಸೇರುವೆಡೆ, ಹಿಂಬದಿಯ ದೀಪಗಳ ಸುತ್ತ ಪರೀಕ್ಷಿಸಿ. ಮರದ ಚೌಕಟ್ಟಿನಲ್ಲಿ 20 ಶೇಕಡಾಕ್ಕಿಂತ ಹೆಚ್ಚು ಕಂಡರೆ ನೀರು ಒಳಹೋಗುತ್ತಿದೆ ಎಂದೇ ತಿಳಿಯಿರಿ. ಬೆಲೆ ಎಷ್ಟು ಇಳಿಸಿದರೂ ವರ್ಷವಿಡೀ ವಾಸಿಸುವವರಿಗೆ ಅಂಥ ಗಾಡಿ ಬೇಡ, ಏಕೆಂದರೆ ಗೋಡೆ ಬಿಚ್ಚಿ ಒಣಗಿಸುವಾಗ ನೀವು ಇರುವುದೆಲ್ಲಿ?

ಮೇಜನ್ನು ಮಡಚಿದರೆ ಮಾತ್ರ ಹಾಸಿಗೆಯಾಗುವ ವಿನ್ಯಾಸವಾಗಿದ್ದರೆ ಪತ್ನಿಯ ಕೆಲಸದ ವೇಳೆಯನ್ನು ನೆನೆದು ಅಲ್ಲೇ ಒಮ್ಮೆ ಕುಳಿತು, ಮಲಗಿ ನೋಡಿ. ಪ್ರತ್ಯೇಕ ಹಾಸಿಗೆ ಇರುವ ಗಾಡಿಗಾಗಿ ಇನ್ನೆರಡು ತಿಂಗಳು ಕಾಯುವುದೂ ನಷ್ಟವಲ್ಲ. ಟೈರಿನ ಪಕ್ಕದಲ್ಲಿ ನಾಲ್ಕಂಕಿಯ ಸಂಖ್ಯೆಯೊಂದಿರುತ್ತದೆ, ಮೊದಲೆರಡು ವಾರವನ್ನೂ ಕೊನೆಯೆರಡು ವರ್ಷವನ್ನೂ ಸೂಚಿಸುತ್ತವೆ. 2317 ಎಂದಿದ್ದರೆ ಅದು 2017ರ 23ನೆಯ ವಾರದಲ್ಲಿ ತಯಾರಾದ ಟೈರು. ಮೋಟರ್‌ಹೋಮ್‌ಗಳು ತಿಂಗಳುಗಟ್ಟಲೆ ಪೂರ್ತಿ ಹೊರೆಯೊಂದಿಗೆ ನಿಂತಲ್ಲೇ ನಿಂತಿರುವುದರಿಂದ ಟೈರಿನ ಮೇಲ್ಮೈ ಸವೆಯದೆಯೂ ಒಳಗಿನ ರಬ್ಬರ್ ಹಳತಾಗಿ ಬಿರಿಯುತ್ತದೆ. ಹಾಗಾಗಿ ಮೇಲ್ಮೈಯ ಗೀರುಗಳ ಆಳ ನೋಡಿ ಸಮಾಧಾನಪಡದೆ, ಸ್ಟೆಪ್ನಿಯೂ ಸೇರಿ ಎಲ್ಲ ಟೈರುಗಳ ದಿನಾಂಕವನ್ನು ಬರೆದುಕೊಂಡು ಬದಲಾವಣೆಯ ಖರ್ಚನ್ನು ಚೌಕಾಸಿಯಲ್ಲಿ ಕಳೆಯಿರಿ.